ಗೌಹರಬೇಗಂ ಬೇಡವೆಂದ ನೀರು

ಕಂಚಿಕುಂಟಿಯ ಮುಸಲ್ಮಾನರ ಓಣಿಯಲ್ಲಿ ಹೆಣ್ಣುಮಗಳೊಬ್ಬಳು ತೀರಿಕೊಂಡಳೆಂದರೆ ಮೊದಲು ಹುಡುಕುವುದು ಗೌಹರಬೇಗಂಳನ್ನು. ಸತ್ತವರಿಗೆ ಮಾಡಿಸುವ ಕೊನೆಯ ಸ್ನಾನಕ್ಕೆ ಗುಸಲ್ ಎನ್ನುತ್ತಾರೆ. ಹೆಂಗಸರಿಗೆ ಹೆಂಗಸರೇ ಮಾಡಿಸಬೇಕು. ಎಲ್ಲರಿಗೂ ಆ ಧೈರ್ಯ ಬರುವುದಿಲ್ಲ. ಸುರಪುರದ ರಂಗಂಪೇಟೆಯಲ್ಲಿ ಗೌಹರಬೇಗಂಳ ತಾಯಿ ಈ ಕೆಲಸ ಮಾಡುತ್ತಿದ್ದಳು. ಮದುವೆಯಾಗಿ ಕಂಚಿಕುಂಟಿಗೆ ಬಂದ ಮಗಳು ತವರಿನಿಂದ ತಂದದ್ದು ಅದೊಂದೇ ವಿದ್ಯೆ. ಅದಕ್ಕಾಗಿ ಯಾರಿಂದಲೂ ಏನನ್ನೂ ತೆಗೆದುಕೊಂಡವಳಲ್ಲ. ಹೊಟ್ಟೆಪಾಡಿಗೆ ಬಳೆ ಮಾರುತ್ತಿದ್ದಳು, ತೊಗರಿ ಕೊಯ್ಲಿಗೆ ಹೋಗುತ್ತಿದ್ದಳು. ಸಣಕಲು ಮೈ, ಮಾತು ಮಾತ್ರ ಕಡ್ಡಿ ಮುರಿದಂತೆ. ಗಂಡ ಬದುಕಿದ್ದಾಗ, ನಿನ್ನ ಮಾತಿಗೆ ಹೆದರಿಯೇ ಊರಿನ ಹೆಂಗಸರು ಸಾಯುವುದನ್ನು ಮುಂದೂಡುತ್ತಾರೆ ಎಂದು ಚೇಷ್ಟೆ ಮಾಡುತ್ತಿದ್ದ.

ಊರಿನ ನಡುವೆ ಒಂದು ಬಾವಿ. ಸೀನೀರ ಬಾವಿ ಎಂದೇ ಅದರ ಹೆಸರು. ಸೈದಾಪುರದಿಂದ ಗುರುಮಠಕಲ್ ಕಡೆಗೆ ಹೋಗುವ ದಾರಿಯ ಹಳ್ಳಿಗಳಲ್ಲಿ ಸವಳು ನೀರೇ ಹೆಚ್ಚು. ಆ ನೀರಿನಲ್ಲಿ ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಕಲ್ಲಿನಂತೆ ಉಳಿಯುತ್ತದೆ. ಕಂಚಿಕುಂಟಿಯ ಬಾವಿಯ ನೀರಿನಲ್ಲಿ ಮಾತ್ರ ಬೇಳೆ ಬೆಣ್ಣೆಯಂತೆ ಕರಗುತ್ತಿತ್ತು. ಹೆಣ್ಣು ಕೊಡಲು ಬಂದವರು ವರನಿಗಿಂತ ಮೊದಲು ಬಾವಿಯನ್ನು ನೋಡಿ ಹೋಗುತ್ತಿದ್ದರು. ಶಹಾಪುರ ತಾಲೂಕಿನ ಸಗರದಿಂದ ಸೊಸೆಯಾಗಿ ಬಂದ ಉಮೆಸಲ್ಮಾಳೂ ಗೌಹರಬೇಗಂಳೂ ಹೊಸದರಲ್ಲಿ ಗೆಳತಿಯರಾದದ್ದು ಆ ಬಾವಿಯ ಕಟ್ಟೆಯ ಮೇಲೆಯೇ. ಮೂರನೆಯವಳು ಮೌನಮ್ಮ, ಹಳ್ಳದಲ್ಲಿ ಬಲೆ ಬೀಸುವ ಕಬ್ಬಲಿಗರ ಮನೆಯವಳು, ಮೀನಿನ ಬುಟ್ಟಿ ಹೊತ್ತು ಊರೂರು ತಿರುಗುವವಳು. ಗೌಹರಬೇಗಂ ಮನೆಯಲ್ಲಿ ದಖನಿ ಉರ್ದು ಆಡುವವಳಾದರೂ ಬಾವಿಕಟ್ಟೆಯ ಸುಖದುಃಖವೆಲ್ಲ ಕನ್ನಡದಲ್ಲೇ ನಡೆಯುತ್ತಿತ್ತು.

ಆಮೇಲೆ ಊರಿನ ಮೇಲ್ಗಡೆ ಕಾರ್ಖಾನೆ ಬಂತು. ಗುಳಿಗೆಗೆ ಬೇಕಾಗುವ ಪುಡಿಯನ್ನು ಅಲ್ಲಿ ತಯಾರಿಸುತ್ತಾರಂತೆ, ಅದು ಹಡಗು ಹತ್ತಿ ದೇಶದೇಶಕ್ಕೆ ಹೋಗುತ್ತದಂತೆ. ಊರವರು ಅದನ್ನು ಗುಳಿಗಿ ಫ್ಯಾಕ್ಟರಿ ಎಂದರು. ಮೊದಲು ಹಳ್ಳದ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಆಮೇಲೆ ಬಾವಿಯ ನೀರಿಗೆ ಒಂದು ಬಗೆಯ ಹಳದಿ ಬಂತು, ಜೊತೆಗೆ ಕೊಳೆತ ಮೊಟ್ಟೆಗೆ ಫಿನಾಯಿಲ್ ಸುರಿದಂಥ ವಾಸನೆ. ಬೇಳೆ ಬೇಯುವುದನ್ನು ನಿಲ್ಲಿಸಿತು. ಮಕ್ಕಳ ಮೈಮೇಲೆ ಗಂದೆ ಎದ್ದವು, ದೊಡ್ಡವರ ಹೊಟ್ಟೆ ಕೆಟ್ಟಿತು, ತವರಿಗೆ ಹೋದ ಬಸುರಿಯರು ತಿರುಗಿ ಬರಲು ಒಲ್ಲೆವೆಂದರು.

ಊರಿಗೆ ಒಂದು ಸರಕಾರಿ ಆಸ್ಪತ್ರೆಯೂ ಇದೆ. ಇದೆ ಎಂದರೆ ಗೋಡೆ ಇದೆ, ಬಾಗಿಲಿದೆ, ಬಾಗಿಲಿಗೆ ಬೀಗ ಇದೆ. ಡಾಕ್ಟರನ್ನು ಬೇರೆಡೆಗೆ ಕಳಿಸಿ ಎರಡು ವರ್ಷವಾಯಿತು. ನರ್ಸಮ್ಮ ಮೂರು ಊರು ನೋಡಿಕೊಳ್ಳಬೇಕು, ಪಾಪ, ಅವಳಾದರೂ ಏನು ಮಾಡಿಯಾಳು. ಲೋಕಕ್ಕೆಲ್ಲ ಔಷಧ ಕೊಡುವ ಚಿಮಣಿಯ ನೆರಳು ಬೀಳುವ ಊರಿನಲ್ಲಿ ಜ್ವರಕ್ಕೊಂದು ಗುಳಿಗೆ ಸಿಗುವುದಿಲ್ಲ. ಇದರಲ್ಲೊಂದು ಅನುಕೂಲವೂ ಇತ್ತು, ಊರಿಗಲ್ಲ, ಉಳಿದವರಿಗೆ. ಡಾಕ್ಟರಿದ್ದರೆ ರೋಗಿಗಳು ಬರುತ್ತಾರೆ, ಯಾಕೆ ಇಷ್ಟು ಜನಕ್ಕೆ ಒಂದೇ ರೋಗ ಎಂದು ಅವನು ಕೇಳುತ್ತಾನೆ. ಡಾಕ್ಟರೇ ಇಲ್ಲದ ಊರಿನಲ್ಲಿ, ಸರಕಾರದ ಪಾಲಿಗೆ, ರೋಗವೂ ಇಲ್ಲ.

ಗೌಹರಬೇಗಂ, ಉಮೆಸಲ್ಮಾ, ಮೌನಮ್ಮ ಓಣಿಯ ಹೆಂಗಸರನ್ನು ಕಟ್ಟಿಕೊಂಡು ತಿರುಗದ ಕಚೇರಿಯಿಲ್ಲ. ಯಾದಗಿರಿಗೆ ಬಸ್ಸಿನಲ್ಲಿ ನೀರಿನ ಬಾಟಲಿ ಹಿಡಿದು ಹೋದರು. ಕಂಡಕ್ಟರ್ ವಾಸನೆ ತಾಳಲಾರದೆ ಅವರನ್ನು ಹಿಂದಿನ ಸೀಟಿಗೆ ಕಳಿಸಿದ. ಕಚೇರಿಯಲ್ಲಿ ಕೂತವರಿಗೆ ಮಾತ್ರ ವಾಸನೆಯೇ ಬರಲಿಲ್ಲ. ಒಂದು ಸಲ ನೀರು ಪರೀಕ್ಷೆಗೆ ಜನ ಬಂದರು, ದೊಡ್ಡ ಮಳೆ ಬಿದ್ದು ಬಾವಿ ತುಂಬಿ ಹರಿದ ಮಾರನೆಯ ದಿನ. ನೀರು ಕುಡಿಯಲು ಯೋಗ್ಯ ಎಂದು ಬಂತು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣಕ್ಕೆ ತಿಳಿಯುವುದಿಲ್ಲ, ಅದು ಅದರ ಹಣೆಬರಹ. ಇವರಿಗೆ ತಿಳಿಯುತ್ತಿತ್ತು, ತಿಳಿದೂ ಕಿವಿ ಮುಚ್ಚಿಕೊಂಡಿದ್ದರು.

ಆದರೆ ಊರೂ ಏನು ಕಡಿಮೆಯಿರಲಿಲ್ಲ. ಕೈಯಲ್ಲಿ ನಾಲ್ಕು ಕಾಸಿದ್ದವರು ಸೈದಾಪುರದಿಂದ ಕ್ಯಾನ್ ತರಿಸಿ ಕುಡಿದರು. ಉಳಿದವರು ಬಾವಿಯ ನೀರಿಗೆ ಪಟಿಕದ ಕಲ್ಲು ತಿರುಗಿಸಿದರು, ತುಳಸಿ ಹಾಕಿದರು, ಬಟ್ಟೆ ಕಟ್ಟಿ ಸೋಸಿದರು. ಮಸೀದಿಯ ಹೌದಿಗೂ, ಅಂದರೆ ನೀರಿನ ತೊಟ್ಟಿಗೂ, ಅದೇ ಬಾವಿಯ ನೀರು. ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಗಂಡಸರು ಉಸಿರು ಹಿಡಿದು ಮುಖ ತೊಳೆದರು. ನೀರಿನ ಬಣ್ಣ, ವಾಸನೆ, ರುಚಿ, ಈ ಮೂರರಲ್ಲಿ ಒಂದು ಕೆಟ್ಟರೂ ಅದು ಪಾಕ್ ಅಲ್ಲ, ಅಂದರೆ ಶುದ್ಧವಲ್ಲ, ಎಂದು ಓಣಿಯ ಸಣ್ಣ ಕೂಸಿಗೂ ಗೊತ್ತು. ಗೊತ್ತಿದ್ದೂ ಯಾರೂ ಬಾಯಿಬಿಡಲಿಲ್ಲ. ಗೌಹರಬೇಗಂ ಕೂಡ ಗುಸಲಿನ ಹಂಡೆಗೆ ಬೋರೆ ಎಲೆ ಹೆಚ್ಚು ಹಾಕಿದಳು, ಕೊನೆಯ ನೀರಿಗೆ ಕರ್ಪೂರ ಹೆಚ್ಚು ಹಾಕಿದಳು, ಮೇಲೆ ಅತ್ತರು ಬಳಿದಳು. ವಾಸನೆ ಮುಚ್ಚಿತು ಎಂದು ತನಗೆ ತಾನೇ ಹೇಳಿಕೊಂಡಳು.

ಚಳಿಗಾಲ ಮುಗಿಯುವ ಹೊತ್ತಿಗೆ ಉಮೆಸಲ್ಮಾ ವಾಂತಿಭೇದಿಯಿಂದ ನೆಲ ಹಿಡಿದಳು. ಒಂದು ಬೆಳಿಗ್ಗೆ ಮಗ ಹಾಶಿಮ, ಸೈದಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟವನು, ಅವ್ವನನ್ನು ಆಟೋದಲ್ಲಿ ಮಲಗಿಸಿದ. ಗೌಹರಬೇಗಂ ಗೆಳತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಊರಿನ ಆಸ್ಪತ್ರೆಗೆ ಹೋದರೆ ಬೀಗ. ಒಂದು ಬಾಟಲಿ ಸಲಾಯನ್ ಹಾಕಿದ್ದರೆ ಆ ಹೆಂಗಸು ಎದ್ದು ಕೂರುತ್ತಿದ್ದಳೋ ಏನೋ, ಹಾಕಲು ಯಾರಿದ್ದರು? ಆಟೋ ಯಾದಗಿರಿ ದಾರಿ ಹಿಡಿಯಿತು. ದಾರಿಯಲ್ಲಿ ಉಮೆಸಲ್ಮಾ ಕಣ್ಣು ತೆರೆದು ಗೆಳತಿಯ ಕೈ ಹಿಡಿದಳು.

"ಗೌಹರ್, ನನ್ನ ಮೈಮ್ಯಾಲ ಆ ನೀರು ಹಾಕಬ್ಯಾಡ. ಆ ವಾಸನಿ ಹೊತ್ಕೊಂಡು ಅಲ್ಲಾಹನ ಮುಂದ ಹ್ಯಾಂಗ ನಿಲ್ಲಲಿ."

"ಸುಮ್ನಿರು. ಏನೇನರ ಮಾತಾಡಬ್ಯಾಡ," ಎಂದು ಗೌಹರಬೇಗಂ ಗದರಿದಳು. ಯಾದಗಿರಿ ಮುಟ್ಟುವ ಮೊದಲೇ ತೊಡೆಯ ಮೇಲಿನ ತಲೆ ಭಾರವಾಯಿತು. ಹಾಶಿಮ ಆಟೋ ತಿರುಗಿಸಲು ಹೇಳಿದ.

ಮನೆಯಂಗಳದಲ್ಲಿ ಚಾದರ ಕಟ್ಟಿ ಮರೆ ಮಾಡಿದರು. ಹಲಗೆ ಇಟ್ಟು ಉಮೆಸಲ್ಮಾಳನ್ನು ಮಲಗಿಸಿದರು. ಯಾರೋ ಬಾವಿಯಿಂದ ಕೊಡಗಳಲ್ಲಿ ನೀರು ತಂದು ಹಂಡೆಯ ಪಕ್ಕದಲ್ಲಿ ಸಾಲಾಗಿ ಇಟ್ಟರು. ಗೌಹರಬೇಗಂ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಡದ ಮೇಲೆ ಬಗ್ಗಿದಳು. ಕೈಯಲ್ಲಿ ಕರ್ಪೂರದ ಪೊಟ್ಟಣವಿತ್ತು. ಅದೇ ವಾಸನೆ ಮೂಗಿಗೆ ಬಡಿಯಿತು. ಆಮೇಲೆ ಪೊಟ್ಟಣವನ್ನು ಹಲಗೆಯ ಮೇಲಿಟ್ಟು ಮರೆಯಿಂದ ಹೊರಬಂದಳು.

"ಈ ನೀರಿಂದ ನಾ ಗುಸಲ್ ಮಾಡಂಗಿಲ್ಲ," ಎಂದಳು.

ಅಂಗಳದಲ್ಲಿ ಕೂತಿದ್ದ ಗಂಡಸರ ನಡುವಿನಿಂದ ಮಸೀದಿ ಕಮಿಟಿಯ ಹಿರಿಯ ಲಾಡ್ಲೇಸಾಬ ಎದ್ದು ಬಂದ. ಒಳ್ಳೆಯ ಮನುಷ್ಯನೇ. ಆದರೆ ಅವನ ಮಗನಿಗೆ ಗುಳಿಗಿ ಫ್ಯಾಕ್ಟರಿಯ ಗೇಟಿನಲ್ಲಿ ನೌಕರಿ. ಎರಡು ವರ್ಷದಿಂದ ಬಾವಿಯ ಮಾತು ಬಂದಾಗಲೆಲ್ಲ ಅವನಿಗೆ ಕೆಮ್ಮು ಬರುತ್ತಿತ್ತು.

"ಗೌಹರ್ ಬಿ, ಹಟ ಹಿಡಿಯೋ ವ್ಯಾಳ್ಯಾ ಅಲ್ಲ ಇದು. ಮಯ್ಯತ್ ಮನ್ಯಾಗಿಟ್ಟು ಕಾಯಿಸಬಾರದು. ಹೊತ್ತು ಮುಣುಗೂದ್ರಾಗ ಮಣ್ಣು ಆಗಬೇಕು."

"ನಾ ಹಟ ಹಿಡಿದಿಲ್ರಿ. ಕೊಡ ಇಲ್ಲೇ ಅದ. ಮೂಸಿ ನೋಡ್ರಿ. ಪಾಕ್ ಅದ ಅಂತ ನಿಮ್ಮ ಬಾಯಿಲೆ ಒಂದು ಮಾತು ಹೇಳ್ರಿ, ಈಗಿಂದೀಗ ಮಾಡ್ತೀನಿ."

ಲಾಡ್ಲೇಸಾಬ ಕೊಡದ ಹತ್ತಿರ ಹೋಗಲಿಲ್ಲ. ದನಿ ತಗ್ಗಿಸಿ, "ಇದು ಪಾಕ್ ಅಲ್ಲ ಅಂದ್ರ, ಮಸೀದಿ ಹೌದಿನಾಗೂ ಇದ ನೀರು ಅದಲ್ಲವಾ. ಎರಡು ವರ್ಷ ನಾವು ಮಾಡಿದ ನಮಾಜ್ ಏನಾತು, ನೀನ ಹೇಳು," ಎಂದ.

ಅವನ ಅಂಜಿಕೆ ನೌಕರಿಯದೊಂದೇ ಅಲ್ಲ ಎಂದು ಗೌಹರಬೇಗಂಳಿಗೆ ಆಗ ತಿಳಿಯಿತು. ಅದೇ ಅಂಜಿಕೆ ತನ್ನ ಎದೆಯಲ್ಲೂ ಇತ್ತು, ಕರ್ಪೂರ ಹಾಕಿ ಸಾಗಹಾಕಿದ ಹೆಣಗಳ ಲೆಕ್ಕ ಅವಳಲ್ಲೂ ಇತ್ತು. ಮರುಕವೂ ಸಿಟ್ಟೂ ಒಟ್ಟಿಗೆ ಬಂದವು.

"ಅದನ್ನ ನನ್ನ ಕೇಳಬ್ಯಾಡ್ರಿ. ನೀರು ಕೆಡಿಸಿದವರನ್ನ ಕೇಳ್ರಿ. ನಮ್ಮ ಹೊಟ್ಟಿ ಕೆಡಿಸಿದ್ರು, ಸುಮ್ನಿದ್ವಿ. ನಮ್ಮ ನಮಾಜೂ ಕೆಡಿಸ್ಯಾರ, ಈಗೂ ಸುಮ್ನ ಇರಬೇಕೇನು?"

ಹಾಶಿಮ ಎದ್ದು, ಸೈದಾಪುರಕ್ಕೆ ಹೋಗಿ ಕ್ಯಾನ್ ನೀರು ತರುತ್ತೇನೆಂದ. ಲಾಡ್ಲೇಸಾಬ ಅವನನ್ನು ತಡೆದು ಫೋನ್ ತೆಗೆದ. ಫ್ಯಾಕ್ಟರಿಯವರಿಗೆ ಹೇಳಿದರೆ ಒಂದು ಟ್ಯಾಂಕರ್ ಕಳಿಸುತ್ತಾರೆ, ಮಯ್ಯತ್ತಿನ ಕೆಲಸಕ್ಕೆ ಇಲ್ಲ ಎನ್ನುವುದಿಲ್ಲ ಎಂದ. ಚಾದರದ ಹೊರಗೆ ಕೂತಿದ್ದ ಮೌನಮ್ಮನಿಗೆ ಇದನ್ನು ಕೇಳಿ ತಡೆಯಲಾಗಲಿಲ್ಲ.

"ಹ್ವಾದ ಬ್ಯಾಸಗಿಯಾಗ ಕೂಸುಗಳಿಗೆ ಕುಡಿಯಾಕ ಒಂದ ಒಂದು ಟ್ಯಾಂಕರ್ ಕಳಿಸ್ರಿ ಅಂತ ಅವರ ಗೇಟಿನ ಮುಂದ ಕುಂತಿದ್ವಿ. ಪೊಲೀಸರನ್ನ ಕಳಿಸಿದ್ರು. ಸತ್ತ ಮ್ಯಾಲ ಕಳಿಸ್ತಾರಂತ. ಭಾಳ ಚೊಲೊ ಮಂದಿ."

ಟ್ಯಾಂಕರ್ ಬರುತ್ತದೆ ಎಂದು ಫೋನಿನಲ್ಲಿ ಹೇಳಿದರು. ಜನ ಕಾದರು. ಮಧ್ಯಾಹ್ನದ ನಮಾಜಾಯಿತು, ಬಿಸಿಲು ಅಂಗಳದ ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಯಿತು. ಇಳಿಬಿಸಿಲಿನ ನಮಾಜಿನ ಹೊತ್ತಿಗೆ ಟ್ಯಾಂಕರ್ ಓಣಿಯ ಬಾಯಿಗೆ ಬಂದು ನಿಂತಿತು. ಲಾಡ್ಲೇಸಾಬನ ಮುಖ ಅರಳಿತು. ನೋಡಿದಿರಾ, ಅವರೂ ಮನುಷ್ಯರೇ ಎಂಬಂತೆ ಎಲ್ಲರ ಕಡೆ ತಿರುಗಿದ.

ಮೌನಮ್ಮ ಎಲ್ಲರಿಗಿಂತ ಮುಂದೆ ಹೋಗಿ ಟ್ಯಾಂಕರಿನ ನಳ ತಿರುಗಿಸಿ ಬೊಗಸೆ ಹಿಡಿದಳು. ಮೂಗಿನ ಹತ್ತಿರ ತಂದವಳು ನೀರನ್ನು ನೆಲಕ್ಕೆ ಚೆಲ್ಲಿ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಮೀನು ಮಾರಾಕಿ ನಾ. ಕೊಳೆತ ವಾಸನಿ ನಂಗ ಯಾರೂ ಕಲಿಸಬೇಕಾಗಿಲ್ಲ. ಬಾರವಾ ಗೌಹರಕ್ಕ, ನೀನೂ ನೋಡು."

ಗೌಹರಬೇಗಂ ಒಂದು ತಂಬಿಗೆ ತುಂಬಿದಳು. ಅದೇ ಹಳದಿ, ಅದೇ ವಾಸನೆ. ಡ್ರೈವರ್ ಅಮಾತೆಪ್ಪ ಪಕ್ಕದ ಊರಿನವನು, ಕೆಳಗಿಳಿದು ತಲೆ ಕೆರೆದುಕೊಂಡು ನಿಂತ. ಎಲ್ಲಿಂದ ತುಂಬಿಸಿದೆ ಎಂದು ಕೇಳಿದಳು.

"ಗೇಟಿನ ಹತ್ರದ ಬೋರಿಂದ್ರಿ. ಸೈದಾಪುರಕ್ಕ ಹೋಗಿ ಬರಾಕ ಡೀಸೆಲ್ ಯಾರು ಕೊಡ್ತಾರ, ಹೆಣ ತೊಳಿಯಾಕ ಯಾವ ನೀರಾದ್ರ ಏನು ಅಂದ್ರು ಸಾಹೇಬ್ರು. ನಂದೇನೂ ಇಲ್ರಿ ಇದ್ರಾಗ."

ಅಮಾತೆಪ್ಪನದೇನೂ ಇರಲಿಲ್ಲ, ನಿಜ. ಅವನ ಮೇಲೆ ಯಾರೂ ಕೈ ಮಾಡಲಿಲ್ಲ. ಗೌಹರಬೇಗಂ ತಂಬಿಗೆಯನ್ನು ತಂದು ಲಾಡ್ಲೇಸಾಬನ ಕೈಗೆ ಕೊಟ್ಟಳು. ಬೆಳಿಗ್ಗೆಯಿಂದ ಕೊಡದ ಹತ್ತಿರ ಹೋಗದ ಮನುಷ್ಯ ಈಗ ತಪ್ಪಿಸಿಕೊಳ್ಳುವಂತಿರಲಿಲ್ಲ. ಅವನು ಮೂಸಿದ. ತಂಬಿಗೆಯನ್ನು ನೆಲಕ್ಕಿಟ್ಟ. "ಹೆಣ ತೊಳಿಯಾಕ ಯಾವ ನೀರಾದ್ರ ಏನು," ಎಂದು ಅದೇ ಮಾತನ್ನು ತನಗೆ ತಾನೇ ಅಂದುಕೊಂಡು ಮನೆಯ ಕಟ್ಟೆಯ ಮೇಲೆ ಕೂತ.

ಮಸೀದಿಯ ಹಾಫಿಜ್ ಸಾಹೇಬ ಗುರುಮಠಕಲ್ ಕಡೆಯ ಹುಡುಗ, ಗಡ್ಡ ಈಗಷ್ಟೇ ತುಂಬುತ್ತಿತ್ತು. ಗೌಹರಬೇಗಂ ಅವನನ್ನು ಎಲ್ಲರೆದುರು ಕೇಳಿದಳು. "ಹಾಫಿಜ್ ಸಾಬ್, ಪಾಕ್ ನೀರು ಸಿಗದಿದ್ರ ಏನು ಮಾಡಬೇಕ್ರಿ?"

ಹುಡುಗ ಹಿರಿಯರ ಕಡೆ ನೋಡಿದ. ಹಿರಿಯರು ನೆಲ ನೋಡುತ್ತಿದ್ದರು. "ಒಂದು ಮೈಲಿನೊಳಗ ಪಾಕ್ ನೀರು ಇಲ್ಲ ಅಂದ್ರ ತಯಮ್ಮುಮ್ ಮಾಡಬಹುದ್ರಿ. ಮಯ್ಯತ್ತಿಗೂ ನಡೀತದ," ಎಂದ.

ತಯಮ್ಮುಮ್ ಎಂದರೆ ನೀರಿನ ಬದಲು ಮಣ್ಣು. ಶುದ್ಧವಾದ ಒಣ ಮಣ್ಣಿನ ಮೇಲೆ ಅಂಗೈ ತಟ್ಟಿ ಮುಖಕ್ಕೂ ತೋಳಿಗೂ ಸವರುವುದು. ಮರಳುಗಾಡಿನಲ್ಲಿ ದಾರಿ ತಪ್ಪಿದವರಿಗೆಂದು, ನೀರು ಮುಟ್ಟಬಾರದ ರೋಗಿಗಳಿಗೆಂದು ಇಟ್ಟ ಅನುಕೂಲ ಅದು. ಕೈ ನೀಡಿದರೆ ನೀರು ಸಿಗುವ, ತುಂಬಿದ ಬಾವಿಯಿರುವ ಊರಿನಲ್ಲಿ ಯಾರ ಅಜ್ಜ ಮುತ್ತಜ್ಜನೂ ಅದನ್ನು ಹೆಣಕ್ಕೆ ಮಾಡಿದ್ದು ಕೇಳಿರಲಿಲ್ಲ. ಯಾರೋ, ಈಗಲಾದರೂ ಕ್ಯಾನ್ ತರಿಸಿ ಎಂದರು. ಗೌಹರಬೇಗಂ ಹಾಶಿಮನ ಕಡೆ ತಿರುಗಿದಳು.

"ನೀ ಮಗ. ನೀ ಹೇಳಿದಂಗ."

ಹಾಶಿಮ ಹೇಳಿದ. "ನಮ್ಮವ್ವ ಬದುಕಿದ್ದಾಗ ಕ್ಯಾನ್ ನೀರು ಕುಡೀಲಿಲ್ಲ ಖಾಲಾ. ಈ ಊರ ನೀರ ಕುಡಿದ್ಲು, ಅದ್ರಿಂದನ ಹೋದ್ಲು. ಊರಾಗ ನೀರಿಲ್ಲ ಅಂದ್ರ ಇಲ್ಲ. ಮಣ್ಣಿಂದನ ಮಾಡ್ರಿ. ಎಲ್ಲಾರಿಗೂ ಗೊತ್ತಾಗ್ಲಿ."

ಊರಿನ ಮಣ್ಣೂ ಕೆಟ್ಟಿದೆ ಎಂದು ಗೌಹರಬೇಗಂಳಿಗೆ ಅನುಮಾನ. ಮೌನಮ್ಮ ಮೊರ ಹಿಡಿದು ಊರಾಚೆಯ ಗುಡ್ಡ ಹತ್ತಿದಳು. ಫ್ಯಾಕ್ಟರಿಯ ಚರಂಡಿ ಮುಟ್ಟದಷ್ಟು ಎತ್ತರದಿಂದ ಕೆಂಪು ಮಣ್ಣನ್ನು ಕೆದರಿ, ಕಲ್ಲು ಹೆಕ್ಕಿ, ಕೇರಿ ತಂದು ಚಾದರದ ಮರೆಯ ಹೊರಗೆ ಇಟ್ಟಳು. ಗೌಹರಬೇಗಂ ಕೈಗೆ ಬಟ್ಟೆ ಸುತ್ತಿಕೊಂಡು ಆ ಮಣ್ಣನ್ನು ತಟ್ಟಿದಳು. ಉಮೆಸಲ್ಮಾಳ ಮುಖದ ಮೇಲೆ ಮೆಲ್ಲಗೆ ಸವರಿದಳು. ಮತ್ತೆ ತಟ್ಟಿ, ಬಳೆ ತೆಗೆದ ಕೈಗಳ ಮೇಲೆ ಮೊಣಕೈವರೆಗೆ ಸವರಿದಳು. ಆ ಬಳೆಗಳನ್ನು ತೊಡಿಸಿದ್ದೂ ಅವಳೇ. ಹೆಣದ ಮುಂದೆ ಗುಸಲ್ ಮಾಡಿಸುವವಳು ಅಳಬಾರದೆಂದು ತಾಯಿ ಕಲಿಸಿದ್ದಳು. ಆ ದಿನ ಅದೊಂದು ಮಾತನ್ನು ನಡೆಸಿಕೊಡಲು ಅವಳಿಂದ ಆಗಲಿಲ್ಲ.

ಗುಡ್ಡದ ಮಗ್ಗುಲಿನ ಖಬರಸ್ತಾನದ ಮುಂದಿನ ಬಯಲಲ್ಲಿ ಹೆಣ ಹೊತ್ತ ಜನಾಜಾ ಇಳಿಸಿದರು. ಪ್ರಾರ್ಥನೆಗೆ ಮುಂಚೆ ಎಲ್ಲರೂ ಕೈಕಾಲು ತೊಳೆಯಬೇಕು. ಯಾರೋ ಮಸೀದಿಯಿಂದ ಬಕೆಟ್ಟುಗಳಲ್ಲಿ ನೀರು ತಂದಿಟ್ಟಿದ್ದರು. ಹೆಂಗಸರು ದೂರ ರಸ್ತೆಯ ಬದಿಯಲ್ಲಿ ನಿಂತಿದ್ದರು, ಗೌಹರಬೇಗಂ ಮೌನಮ್ಮನ ಹೆಗಲು ಹಿಡಿದುಕೊಂಡಿದ್ದಳು. ಗಂಡಸರು ಬಕೆಟ್ಟುಗಳ ಮುಂದೆ ನಿಂತರು, ಯಾರೂ ಕೈ ಹಾಕಲಿಲ್ಲ. ಆಗ ಲಾಡ್ಲೇಸಾಬ ಸಾಲಿನಿಂದ ಹೊರಗೆ ಬಂದ. ಮೊಣಕಾಲು ನೋವಿನ ಮುದುಕ, ಕಷ್ಟಪಟ್ಟು ಬಗ್ಗಿ, ಎರಡೂ ಅಂಗೈಗಳನ್ನು ನೆಲಕ್ಕೆ ತಟ್ಟಿ ಮುಖಕ್ಕೆ ಸವರಿಕೊಂಡ. ಎರಡು ವರ್ಷ ಬಾಯಿಬಿಡದವನು ಬಾವಿ ಕೆಟ್ಟಿದೆ ಎಂದು ಊರೆದುರು ಹೇಳಿದ್ದು ಹೀಗೆ. ಅವನ ಹಿಂದೆ ಹಾಶಿಮ ಬಗ್ಗಿದ, ಹಾಫಿಜ್ ಸಾಹೇಬ ಬಗ್ಗಿದ, ಆಮೇಲೆ ಸಾಲಿಗೆ ಸಾಲೇ ಬಗ್ಗಿತು. ಜನಾಜಾದ ಹಿಂದೆ ನಡೆದು ಬಂದಿದ್ದ ಅಮಾತೆಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಗಂಡಸರ ಸಾಲು ನೆಲ ತಟ್ಟುವುದನ್ನು ಯಾರೋ ಫೋನಿನಲ್ಲಿ ತೆಗೆದಿದ್ದರು. ಅದು ಮರುದಿನ ಶಹಾಪುರ, ಸುರಪುರ, ಯಾದಗಿರಿ ಎಲ್ಲ ಕಡೆ ತಿರುಗಿತು. ನೀರಿರುವ ಊರಿನಲ್ಲಿ ಹೆಣಕ್ಕೆ ಮಣ್ಣಿನ ಸ್ನಾನವಂತೆ ಎಂದು ಜನ ಥೂ ಎಂದರು. ಆ ಥೂ ಸರಿಯಾದ ಕಡೆಗೆ ಬಿತ್ತು. ವಾರದೊಳಗೆ ಜೀಪುಗಳ ಮೇಲೆ ಜೀಪು ಬಂದವು. ಆಸ್ಪತ್ರೆಯ ಬೀಗ ತೆಗೆದರು, ಡಾಕ್ಟರಮ್ಮ ಒಬ್ಬಳು ಬಂದು ಕೂತಳು, ಮೊದಲ ದಿನವೇ ಸಾಲು ರಸ್ತೆಗೆ ಬಂತು. ಬಾವಿಯಿಂದಲೂ ಗೇಟಿನ ಬೋರಿನಿಂದಲೂ ನೀರು ಹಿಡಿದುಕೊಂಡು ಹೋದರು. ಮಳೆ ಬೀಳದ ದಿನ ನೋಡಿಕೊಂಡು ಬಂದದ್ದು ಅದೇ ಮೊದಲು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ನಮ್ಮ ಸರಕಾರವನ್ನು ಮೀರಿಸುವವರಿಲ್ಲ. ಬದುಕಿದ್ದ ಉಮೆಸಲ್ಮಾ ಬಾಟಲಿ ಹಿಡಿದು ಇವರದೇ ಮೇಜಿನ ಮುಂದೆ ನಿಂತಾಗ ಇವರಿಗೆ ಅವಳು ಕಾಣಿಸಿರಲಿಲ್ಲ. ಕಾಣಿಸಿಕೊಳ್ಳಲು ಅವಳು ಸಾಯಬೇಕಾಯಿತು.

ಜೀಪಿನಿಂದಿಳಿದ ಒಬ್ಬ ದೊಡ್ಡ ಅಧಿಕಾರಿ ಗೌಹರಬೇಗಂಳನ್ನು ಕರೆಸಿದ. ಬಾವಿಕಟ್ಟೆಯ ಹತ್ತಿರ ಕುರ್ಚಿ ಹಾಕಿದ್ದರು. ಮುಂದೆ ಬಾಟಲಿ ನೀರಿತ್ತು, ಸೈದಾಪುರದ್ದು. ಮನುಷ್ಯ ಮೆತ್ತಗೆ ಮಾತಾಡಿದ.

"ಹಿಂಗ ಮತ್ತ ಆಗಬಾರದಮ್ಮ, ಜಿಲ್ಲಾಕ್ಕ ಕೆಟ್ಟ ಹೆಸರು. ಬಾವಿ ಕೆಲಸ ಹಂತಹಂತವಾಗಿ ಆಗ್ತದ. ಅಲ್ಲೀತನಕ ಯಾರರ ತೀರಿಕೊಂಡ್ರ ಒಂದು ಫೋನ್ ಮಾಡ್ರಿ. ಚೊಲೊ ನೀರು ಕಳಿಸೋ ಜವಾಬ್ದಾರಿ ನಂದು."

ಗೌಹರಬೇಗಂಳಿಗೆ ಮೈಯೆಲ್ಲ ಉರಿಯಿತು. ಆದರೂ ದನಿ ಏರಿಸಲಿಲ್ಲ.

"ಸತ್ತವರ ನೀರಿಗೆ ನಿಮ್ಮ ನಂಬರ್ ಅದ, ಇದ್ದವರ ನೀರಿಗೆ ಯಾರ ನಂಬರ್ ಹಚ್ಚಬೇಕ್ರಿ?"

ಅಧಿಕಾರಿ ಮುಂದಿದ್ದ ಬಾಟಲಿಗೆ ಕೈ ಹಾಕಿದ.

"ಇನ್ನೊಂದು ಮಾತು ಕೇಳ್ಕೊಳ್ರಿ. ಈ ಊರಾಗ ಹೆಂಗಸ್ರಿಗೆ ಗುಸಲ್ ಮಾಡ್ಸಾಕಿ ನಾ ಒಬ್ಬಾಕಿನ. ನಾ ಸತ್ತಾಗ ನಂಗ ಈ ಬಾವಿ ನೀರಿಂದನ ಗುಸಲ್ ಆಗಬೇಕು. ನಿಮ್ಮ ಟ್ಯಾಂಕರ್ ಒಲ್ಲೆ, ಮಣ್ಣೂ ಒಲ್ಲೆ. ಬ್ಯಾಳಿ ಬೇಯ್ತಿದ್ದ ನೀರು ಬೇಕು. ಅದು ಬರೂತನಕ ನಾ ಸಾಯಂಗಿಲ್ಲ. ದಿನಾ ನಿಮ್ಮ ಕಚೇರಿಗಿ ಬರಾಕಿ."

ಅಧಿಕಾರಿ ನಗಬೇಕೋ ಬೇಡವೋ ತಿಳಿಯದೆ ಗೌಹರಬೇಗಂಳ ಜೊತೆ ಬಂದಿದ್ದ ಮೌನಮ್ಮನ ಕಡೆ ನೋಡಿದ. ಮೌನಮ್ಮ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು.

"ಅಕಿ ಆಡಿದ ಮಾತು ತಪ್ಪಾಕಿ ಅಲ್ರಿ ಸಾಹೇಬ್ರ," ಎಂದಳು. "ಲಗೂನ ಬಾವಿ ನೋಡ್ರಿ."